ಅಳತೆಗೆ ನಿಂತವನು

ಕೋಲನ್ನು ಹಳೆಯ ಚಾದರದಲ್ಲಿ ಸುತ್ತಿ ಅಂಗಳ ದಾಟಿಬಿಟ್ಟರೆ ಸಾಕು, ಉಳಿದದ್ದನ್ನು ಸಂಜೆ ನೋಡಿಕೊಂಡರಾಯಿತು ಎಂದು ಅನಾರ್ಗಿರೋಸ್ ಎಣಿಸಿದ್ದ. ಆದರೆ ಅಪ್ಪ ಲಿಯಾಕೋಸ್ ಆಗಲೇ ನಿಂಬೆಗಿಡದ ಬುಡದ ಕಲ್ಲಿನ ಮೇಲೆ ಸಿದ್ಧನಾಗಿ ಕೂತಿದ್ದ. ಅಲ್ಲಿನ ಹಳಬ ಗಂಡಸರು ಉಡುವ, ಗಂಜಿ ಹಾಕಿ ಇಸ್ತ್ರಿ ಮಾಡಿದ ಒತ್ತು ನೆರಿಗೆಯ ಬಿಳಿ ಲಂಗ, ಕಸೂತಿಯ ಮೇಲಂಗಿ, ಮೂತಿಯ ಮೇಲೆ ಕರಿ ಗೊಂಡೆಯಿರುವ ಜೋಡು, ತಲೆಗೆ ಕೆಂಪು ಟೋಪಿ. ಗುಡ್ಡದ ಮೇಲೆ ಕೆಲಸವಿದೆ ಎಂದು ಇವನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಫೋಟೋ ತೆಗೆಯುವ ಗಾಜು ತೊಳೆಯುವ ಸದ್ದು ಕೇಳಿಯೇ ಅಪ್ಪ ತಿಳಿದುಕೊಂಡಿರಬೇಕು. ಅಪ್ಪನ ತಲೆ ಎಂದಿನಂತೆ ಎಡಕ್ಕೂ ಬಲಕ್ಕೂ ಆಡುತ್ತಿತ್ತು. ಈಚಿನ ಕೆಲವು ವರ್ಷಗಳಿಂದ ಅದು ತನ್ನಷ್ಟಕ್ಕೆ ಹಾಗೆ ಆಡುತ್ತದೆ, ಏನೋ ಹಾಳಾಗಿಹೋಯಿತಲ್ಲ ಎಂದು ಮರುಗುವವರ ತಲೆಯ ಹಾಗೆ. ಕಾಫಿ ಚೆನ್ನಾಗಿದ್ದರೂ ತಲೆ ಛೆ ಛೆ ಎನ್ನುತ್ತದೆ, ಮೊಮ್ಮಗಳು ಹುಟ್ಟಿದಾಗಲೂ ಅಂದಿತ್ತು. ಸೊಸೆ ಅಸಿಮೀನಾ ಮಾತ್ರ ತಲೆಯನ್ನು ಲೆಕ್ಕಕ್ಕೆ ಹಿಡಿಯದೆ ಬಾಯಿಯ ಮಾತನ್ನಷ್ಟೇ ಕೇಳಿಸಿಕೊಳ್ಳುತ್ತಾಳೆ. ಆ ಮನೆಯಲ್ಲಿ ಅಷ್ಟು ಸರಿಯಾಗಿ ನಡೆದುಕೊಳ್ಳುವವಳು ಅವಳೊಬ್ಬಳೇ ಎಂದು ಅನಾರ್ಗಿರೋಸನಿಗೆ ಆಗಾಗ ಅನಿಸುವುದುಂಟು.

"ಅದೇನೋ, ಹೆಣ ಸುತ್ತಿದ ಹಾಗೆ ಸುತ್ತಿದೀಯ?" ಅಂದ ಅಪ್ಪ.

"ಡೇರೆ ಕಂಬ."

"ಹೊಸದಾ?"

"ಹಳೇದು ಮುರೀತು."

ಹಳೆಯದು ಮುರಿದಿರಲಿಲ್ಲ. ಕತ್ತೆಯ ಬೆನ್ನ ಮೇಲೆ, ಉಳಿದ ಕಂಬಗಳ ಜೊತೆಯಲ್ಲೇ ಅದೂ ಇತ್ತು, ಅಪ್ಪನ ಕಣ್ಣೆದುರಿಗೇ. ನಲವತ್ತು ದಾಟಿದ ಗಂಡಸು, ಅಥೆನ್ಸಿನ ಅರ್ಧ ಮನೆಗಳ ಗೋಡೆಗಳಲ್ಲಿ ತೂಗುವ ಫೋಟೋಗಳ ಮೇಲೆ ತನ್ನ ಹೆಸರಿನ ಮುದ್ರೆ ಇರುವವನು, ಇಂಥ ಹಸಿ ಸುಳ್ಳು ಹೇಳಿ ಕತ್ತೆಯ ಹಗ್ಗ ಹಿಡಿದು ನಿಂತನಲ್ಲ ಎಂದು ಅವನ ಕಿವಿ ಬಿಸಿಯಾಯಿತು. ಅಸಿಮೀನಾ ಒಳಗಿನಿಂದ ರೊಟ್ಟಿ, ಆಲಿವ್ ಕಾಯಿ, ಒಂದು ತುಂಡು ಗಿಣ್ಣು ಗಂಟು ಕಟ್ಟಿ ತಂದಳು. ಗಂಡನ ಮುಖ ನೋಡಿದಳು, ಚಾದರ ನೋಡಿದಳು. ಇವನು ಹೇಳದಿದ್ದರೂ ಅವಳಿಗೆ ಗೊತ್ತಿತ್ತು. "ಮಾವ, ಬಿಸಿಲು ಜೋರಿದೆ, ಇವತ್ತು ಇಲ್ಲೇ ಇರಿ" ಎಂದು ಒಂದು ಮಾತು ಹೇಳಿ ನೋಡಿದಳು. "ಕಲ್ಲಿಗಿಲ್ಲದ ಬಿಸಿಲು ನನಗೇನಮ್ಮ" ಎಂದು ಅಪ್ಪ ಎದ್ದ. ಏಳುವಾಗ ಮಂಡಿ ಹಿಡಿದುಕೊಂಡ. ಆಮೇಲೆ ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಮಂಡಿ ಬಿಟ್ಟ.

ಗುಡ್ಡದ ದಾರಿಯಲ್ಲಿ ಕತ್ತೆ ಮುಂದೆ, ಅಪ್ಪ ಅದರ ಹಿಂದೆ, ಇವನು ಎಲ್ಲರಿಗಿಂತ ಹಿಂದೆ. ಗಾಜಿಗೆ ಬಳಿಯುವ ದ್ರಾವಣಕ್ಕೆ ಬೇಕಾದ ಈಥರಿನ ಸೀಸೆಗಳು ಕುಲುಕಿ ವಾಸನೆ ಬರುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಮೊದಲ ಸಲ ಇದೇ ದಾರಿ ಹತ್ತಿದಾಗ ಆ ವಾಸನೆಗೆ ತಲೆ ತಿರುಗಿ ದಾರಿಯಲ್ಲೇ ವಾಂತಿಯಾಗಿತ್ತು. ಅಪ್ಪ ಅವತ್ತು ಬಂದದ್ದು ಚಿತ್ರಕ್ಕಲ್ಲ, ಮಗನಿಗೆ ಬುತ್ತಿ ತಲುಪಿಸಲು. ಗುಡ್ಡದ ಮೇಲಿನ ದೇವಿಯ ಹಳೆಯ ಗುಡಿ ಪಾರ್ಥೆನಾನಿನ ಪಡುವಣ ಕಂಬಗಳ ಚಿತ್ರ ಬೇಕೆಂದಿದ್ದ ಪರದೇಶದ ವಾಸ್ತುಶಿಲ್ಪಿ, ಬರೀ ಕಲ್ಲು ತೆಗೆದರೆ ಅದು ಬೆಟ್ಟದಷ್ಟಿದೆಯೋ ಬೆಂಕಿಪೊಟ್ಟಣದಷ್ಟಿದೆಯೋ ಯಾರಿಗೆ ತಿಳಿದೀತು, ಯಾರನ್ನಾದರೂ ನಿಲ್ಲಿಸು ಅಂದ. ಎದುರಿಗಿದ್ದವನು ಅಪ್ಪ. ಬುತ್ತಿ ಕೆಳಗಿಟ್ಟು ಹೋಗಿ ಕಂಬದ ಬುಡದಲ್ಲಿ ನಿಂತ. ಇತರರನ್ನು ನಿಲ್ಲಿಸಿದರೆ ಅಲುಗದಂತೆ ಕತ್ತಿನ ಹಿಂದೆ ಕಬ್ಬಿಣದ ಕವೆ ಇಟ್ಟು ಹಿಡಿಯಬೇಕಾಗುತ್ತಿತ್ತು. ಅಪ್ಪನಿಗೆ ಏನೂ ಬೇಕಾಗಲಿಲ್ಲ. ಅನಾರ್ಗಿರೋಸ್ ಕ್ಯಾಮೆರಾದ ಕಣ್ಣಿನ ಮುಚ್ಚಳ ತೆಗೆದು, ಕೆಲಸ ಕಲಿಸಿದ ಗುರು ಹೇಳಿಕೊಟ್ಟಂತೆ, "ಸ್ವಾಮಿ, ಕರುಣಿಸು" ಎಂದು ಮನಸ್ಸಿನಲ್ಲೇ ನಿಧಾನವಾಗಿ ಜಪಿಸುತ್ತ, ಬೆಳಕಿಗೆ ತಕ್ಕಷ್ಟು ಸಲವಾದ ಮೇಲೆ ಮುಚ್ಚಿದ. ಅಷ್ಟು ಹೊತ್ತೂ ಅಪ್ಪ ಉಸಿರು ಬಿಟ್ಟಂತೆ ಕಾಣಲಿಲ್ಲ. ಆ ಶಿಲ್ಪಿ ಆಮೇಲೆ ಟೇಪು ಹಿಡಿದು ಜೋಡಿನಿಂದ ಟೋಪಿಯ ನೆತ್ತಿಯವರೆಗೆ ಅಪ್ಪನನ್ನು ಅಳೆದುಕೊಂಡ. ಅಲ್ಲಿಂದ ಮುಂದೆ ಎಲ್ಲೆಲ್ಲಿಯೋ ಊರುಗಳಲ್ಲಿ ಪಂಡಿತರು ಅನಾರ್ಗಿರೋಸನ ಚಿತ್ರವನ್ನು ಮೇಜಿನ ಮೇಲೆ ಹರಡಿಕೊಂಡು, ಅಪ್ಪನ ಮೈಮೇಲೆ ಕೈವಾರ ಊರಿ, ದೇವಿಯ ಗುಡಿಯನ್ನು ಅಳೆಯತೊಡಗಿದರು.

ಇದು ತಿಳಿದ ದಿನದಿಂದ ಅಪ್ಪ ಕಾಫಿ ಅಂಗಡಿಯಲ್ಲಿ ಕೂರುವ ಭಂಗಿಯೇ ಬದಲಾಯಿತು. "ಒಂದು ಕಂಬ ಅಂದ್ರೆ ಆರು ಲಿಯಾಕೋಸ್" ಎಂದು ಹೇಳುತ್ತಿದ್ದ, ಬೆರಳು ಮಡಿಸಿ ತೋರಿಸಿ. ಯೌವನದಲ್ಲಿ, ಸ್ವಾತಂತ್ರ್ಯದ ಯುದ್ಧದಲ್ಲಿ, ಇದೇ ಗುಡ್ಡದ ಕೋಟೆಗೆ ಮುತ್ತಿಗೆ ಬಿದ್ದಾಗ ಅವನು ಒಳಗಿದ್ದವರಿಗೆ ತೊಗಲಚೀಲದಲ್ಲಿ ನೀರು ಹೊತ್ತವನು. ಬಂದೂಕು ಹಿಡಿದವನಲ್ಲ. ಹಿಡಿದವರೆಲ್ಲ ಅವನನ್ನು ನೀರಿನ ಕ್ಯಾಪ್ಟನ್ ಎಂದು ಆಡಿಕೊಳ್ಳುತ್ತಿದ್ದರು. ಅಳತೆಯ ಸುದ್ದಿ ಬಂದ ಮೇಲೆ ಆ ಆಟ ನಿಂತಿತು, ಏಕೆಂದರೆ ಬಂದೂಕು ಹಿಡಿದವರಲ್ಲಿ ಯಾರನ್ನೂ ಯಾವ ಗುಡಿಗೂ ಅಳತೆಯಾಗಿ ಇಟ್ಟುಕೊಂಡಿರಲಿಲ್ಲ. ಅನಾರ್ಗಿರೋಸನಿಗೆ ಮಾತ್ರ ಅದರಲ್ಲಿ ಒಂದು ಮುಳ್ಳು. ಮಾರಾಟಕ್ಕೆಂದು ಚಿತ್ರದ ಕೆಳಗೆ ಅವನೇ 'ಗ್ರೀಕ್ ವೀರ' ಎಂದು ಬರೆದಿದ್ದ. ತಲೆ ಆಡತೊಡಗಿದ ಮೇಲಂತೂ ಗುಡ್ಡ ನೋಡಲು ಬಂದ ಪರದೇಶದ ಹೆಂಗಸರು, ಪೂರ್ವಿಕರ ವೈಭವಕ್ಕಾಗಿ ಮರುಗುತ್ತಿರುವ ವೃದ್ಧ ವೀರನೆಂದು ಅಪ್ಪನ ಎದುರು ನಿಂತು ಕರವಸ್ತ್ರ ತೆಗೆಯುತ್ತಿದ್ದರು. ಒಮ್ಮೆ ಒಬ್ಬಳು ನಿಜವಾಗಿಯೂ ಅತ್ತಳು. ಅಪ್ಪ ಅವಳಿಗೆ ಆಲಿವ್ ಕಾಯಿ ಕೊಟ್ಟ. ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿಕೊಂಡು ಅನಾರ್ಗಿರೋಸ್ ಅದನ್ನೆಲ್ಲ ತಲೆಕೆಳಗಾಗಿ ನೋಡಿದ್ದ. ತಲೆಕೆಳಗಾದ ಅಪ್ಪ, ತಲೆಕೆಳಗಾದ ಹೆಂಗಸು, ಇಬ್ಬರೂ ಆಕಾಶಕ್ಕೆ ಕಾಲೂರಿ ನಿಂತು ಒಬ್ಬರಿಗೊಬ್ಬರು ತಲೆಯಾಡಿಸುತ್ತಿದ್ದರು. ಅವನಿಗೆ ನಗು ಬಂದಿತ್ತು, ಆಮೇಲೆ ನಗು ಬಂದದ್ದಕ್ಕೆ ನಾಚಿಕೆಯಾಗಿತ್ತು.

ಹೋದ ವಾರ ಹಳೆಗಲ್ಲುಗಳನ್ನು ಕಾಯುವ ಸಂಘದ ಕಾರ್ಯದರ್ಶಿ ವಲ್ಸಾಮಾಕಿಸ್ ಅಂಗಡಿಗೆ ಬಂದಿದ್ದರು. ಜರ್ಮನಿಯಲ್ಲಿ ಓದಿದವರು, ಇವನಿಗಿಂತ ಚಿಕ್ಕವರು, ಮಾತು ಕಮ್ಮಿ, ಸುಳ್ಳು ಅದಕ್ಕಿಂತ ಕಮ್ಮಿ. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಕೈವಾರ ಆಡಿಸಿದರು. ಹಳೆಯದರಲ್ಲಿ ಕಂಬ ಆರು ಆಳು. ಹೊಸದರಲ್ಲಿ ಆರೂಕಾಲು. "ಇಪ್ಪತ್ತು ವರ್ಷದಲ್ಲಿ ಕಲ್ಲು ಬೆಳೆಯಿತೇ, ಅನಾರ್ಗಿರೋಸ್ ಅವರೇ?" ಎಂದು ಕೇಳಿದರು, ವ್ಯಂಗ್ಯವಿಲ್ಲದೆ. ಅನಾರ್ಗಿರೋಸನಿಗೆ ಆ ಗಳಿಗೆಯವರೆಗೂ ಹೊಳೆದಿರಲಿಲ್ಲ. ದಿನವೂ ಒಂದೇ ಮೇಜಿನಲ್ಲಿ ಕೂತು ಉಂಡರೂ ಅಪ್ಪ ಕುಗ್ಗಿದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಕಂಡದ್ದು ಎಂದೂ ಅಪ್ಪನ ಮುಖ ನೋಡಿ ಮಾತಾಡದ ಯಾರದೋ ಕೈವಾರಕ್ಕೆ. ಇನ್ನು ಮನುಷ್ಯರು ಬೇಡ, ಕೋಲು ಮಾತ್ರ ಎಂದು ಕಾರ್ಯದರ್ಶಿ ಕಪ್ಪು ಬಿಳುಪು ಪಟ್ಟೆ ಬಳಿದ ಕೋಲು ಕೊಟ್ಟು ಹೋದರು. ಬಿರುಕು ಬಿಟ್ಟ ಕಂಬಕ್ಕೆ ಕಬ್ಬಿಣದ ಪಟ್ಟಿ ಬಿಗಿಯುವ ಮುನ್ನ ಒಂದು ಚಿತ್ರ ಬೇಕು. ಅದು ಸರಿ ಬಂದರೆ ಗುಡ್ಡದ ಮೇಲಿನ ಪ್ರತಿಯೊಂದು ಕಲ್ಲಿನ ಚಿತ್ರವನ್ನೂ ಇವನೇ ತೆಗೆಯಬಹುದು. ಅನಾರ್ಗಿರೋಸ್ ಬದುಕಿನಲ್ಲಿ ಇಷ್ಟು ಆಸೆಯಿಂದ ಬೇರೇನನ್ನೂ ಬಯಸಿರಲಿಲ್ಲ. ಸಿಡಿಲಿಗೋ ನೆಲ ನಡುಗಿಯೋ ನಾಳೆ ಆ ಕಂಬ ಬಿದ್ದರೆ ಯಾವ ತುಂಡು ಎಲ್ಲಿ ಕೂರಬೇಕು ಎಂದು ಹುಡುಕುವವರು ತನ್ನ ಗಾಜನ್ನು ಬೆಳಕಿಗೆ ಹಿಡಿಯುತ್ತಾರೆ. ಇದನ್ನು ನೆನೆದಾಗ ಅವನ ಎದೆ ಉಬ್ಬುತ್ತಿತ್ತು. ಕೋಲನ್ನು ಮಂಚದ ಕೆಳಗೆ ತಳ್ಳಿ ಅದರ ಮೇಲೆಯೇ ಒಂದು ವಾರ ಮಲಗಿದ್ದ.

ಗುಡ್ಡದ ಮೇಲೆ ಗಾಳಿ. ಹಿಮೆತೋಸ್ ಬೆಟ್ಟ ಬೆಳಗಿನ ಬಿಸಿಲಿಗೆ ಬೋಳಾಗಿ ಕಾಣುತ್ತಿತ್ತು. ತೀನೋಸ್ ದ್ವೀಪದ ಕಲ್ಲುಕುಟಿಗರು ಕೆಲಸ ನಿಲ್ಲಿಸಿ ನೆರಳಿಗೆ ಸರಿದರು. ಅವರ ಮೇಸ್ತ್ರಿ ಯಾಕುಮಿಸ್ ಎದ್ದು, "ಬಂದ್ರಾ ಗುಡಿ ಯಜಮಾನ್ರು" ಎಂದು ಅಪ್ಪನಿಗೆ ಕೈಮುಗಿದ, ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ. ಅನಾರ್ಗಿರೋಸ್ ಗಾಜಿನ ಕೆಲಸಕ್ಕೆ ಬೇಕಾದ ಕತ್ತಲೆಗೆಂದು ಡೇರೆ ಕಟ್ಟಿದ. ಸೀಸೆಗಳನ್ನಿಟ್ಟ, ತೊಟ್ಟಿಗೆ ಬೆಳ್ಳಿಯ ದ್ರಾವಣ ಸುರಿದ. ಅಪ್ಪ ನೋಡುತ್ತಲೇ ಇದ್ದ. ಕೊನೆಗೆ ಜೋಡಿನ ಮೂತಿಯಿಂದ ಚಾದರವನ್ನು ಮೆಲ್ಲಗೆ ತಳ್ಳಿದ.

"ಡೇರೆ ಎದ್ದು ನಿಂತಿತು. ಕಂಬ ಇನ್ನೂ ನೆಲದ ಮೇಲಿದೆ."

ಇವನು ಕೈ ಒರೆಸಿಕೊಂಡ. ಬೆಳ್ಳಿಯಿಂದ ಕಪ್ಪಾದ ಬೆರಳುಗಳು, ಎಷ್ಟು ಒರೆಸಿದರೂ ಅಷ್ಟೇ. "ಅಪ್ಪಾ" ಅಂದ. ಮುಂದಿನ ಮಾತು ಬರುವ ಮೊದಲು ಕಾರ್ಯದರ್ಶಿಗಳು ಬಂದರು. ಬಂದವರೇ ಚಾದರ ಬಿಡಿಸಿ ಕೋಲು ಎತ್ತಿ, "ಅಜ್ಜಾ, ಇವತ್ತು ನೀವು ನಿಲ್ಲಬೇಕಾಗಿಲ್ಲ. ಇವರು ಹೇಳಿರಬೇಕಲ್ಲ" ಅಂದರು. ಹೇಳಿಲ್ಲವೆಂದು ಇಬ್ಬರ ಮುಖ ನೋಡಿ ತಿಳಿದು ಅವರಿಗೂ ಪೆಚ್ಚಾಯಿತು. ಪೆಚ್ಚಾದ ಒಳ್ಳೆಯ ಮನುಷ್ಯರು ವಿವರಿಸಲು ತೊಡಗುತ್ತಾರೆ. ಆರು, ಆರೂಕಾಲು, ಕೈವಾರ ಎಲ್ಲ ವಿವರಿಸಿದರು. ಅಪ್ಪ ಕೇಳಿಸಿಕೊಂಡ. ಅವನ ತಲೆ ಮರುಗುತ್ತಲೇ ಇತ್ತು, ಈ ಸಲ ಅದಕ್ಕೆ ಕಾರಣವೂ ಇತ್ತು.

"ಅಂದ್ರೆ ನಾನು ಕುಗ್ಗಿದೀನಿ ಅಂತ."

"ವಯಸ್ಸಾದರೆ ಎಲ್ಲರೂ..."

"ಅಳೀರಿ."

ಅಳೆದರು. ಎಲ್ಲರೂ ನೋಡುತ್ತಿದ್ದಂತೆ ಕೋಲನ್ನು ಅಪ್ಪನ ಬೆನ್ನಿಗೆ ಹಚ್ಚಿ, ಟೋಪಿಯ ನೆತ್ತಿಯ ಮೇಲೆ ಅಂಗೈ ಚಪ್ಪಟೆಯಾಗಿಟ್ಟು, ಕೋಲಿನ ಪಟ್ಟೆಗಳಲ್ಲಿ ಹಳೆಯ ಅಳತೆ ಬರುವ ಗುರುತಿಗಿಂತ ಎಷ್ಟು ಕೆಳಗಿದೆ ಎಂದು ಬೆರಳು ಕೂಡಿಸಿ ತೋರಿಸಿದರು. ನಾಲ್ಕು ಬೆರಳು. ಅನಾರ್ಗಿರೋಸ್ ಬೇರೆ ಕಡೆ ನೋಡಿದ. ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಅಪ್ಪನ ಸುತ್ತ ನಿಂತ ಜನ, ಅವರ ನಡುವೆ ಬೆನ್ನು ಕೊಟ್ಟು ನಿಂತ ಅಪ್ಪ, ಇದನ್ನೆಲ್ಲ ಮಾಡಿದವನು ತಾನು. ಒಂದು ವಾರ ಇತ್ತು, ಒಂದು ಮಾತು ಸಾಕಿತ್ತು. ತನ್ನ ಹೇಡಿತನ ಅವನಿಗೆ ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ. ಅಪ್ಪ ತಿರುಗಿ ಕಂಬವನ್ನು ಬುಡದಿಂದ ತುದಿಯವರೆಗೆ ನೋಡಿದ.

"ನಾನಿದ್ದ ಹಾಗೇ ಇದೀನಿ. ಕಲ್ಲೇ ಬೆಳೆದಿದೆ" ಅಂದ. "ನೀವು ಓದಿದ ಕಡೆ ಹೇಳಿಕೊಟ್ಟಿರಲಿಕ್ಕಿಲ್ಲ."

ಕಲ್ಲುಕುಟಿಗರು ನಕ್ಕರು. ಅಪ್ಪನೂ ನಕ್ಕ ಹಾಗೆ ಮಾಡಿ, ದೂರ ಹೋಗಿ ಒಂದು ಬಿದ್ದ ಕಂಬದ ತುಂಡಿನ ಮೇಲೆ ಸಮುದ್ರಕ್ಕೆ ಮುಖ ಮಾಡಿ ಕೂತ. ಲಂಗದ ನೆರಿಗೆಗಳನ್ನು ಎರಡೂ ಬದಿಗೆ ಜೋಪಾನವಾಗಿ ಹರಡಿಕೊಂಡ.

ಅನಾರ್ಗಿರೋಸ್ ಕೋಲನ್ನು ಕಂಬಕ್ಕೆ ಆನಿಸಿ ಬಂದ. ಗಾಳಿ ಅದನ್ನು ಬೀಳಿಸಿತು. ಮತ್ತೆ ನಿಲ್ಲಿಸಿದ, ಬುಡಕ್ಕೆ ಚೂರುಕಲ್ಲು ಒತ್ತಿಟ್ಟ. ಅದು ಬೀಳಲಿಲ್ಲ, ಆದರೆ ತುದಿ ಅಲುಗುತ್ತಿತ್ತು. ತುದಿ ಅಲುಗಿದರೆ ಪಟ್ಟೆಗಳೆಲ್ಲ ಕಲಸಿ ಬೂದುಬಣ್ಣವಾಗುತ್ತವೆ. ಹಗ್ಗ ಕಟ್ಟಿದರೆ ಬಿರುಕಿನ ಮೇಲೆಯೇ ಹಾಯುತ್ತದೆ. ಹಳೆಯ ನೆಲಗಲ್ಲಿಗೆ ತೂತು ಹೊಡೆಯುವ ಮಾತೇ ಇಲ್ಲ. "ಯಾರಾದರೂ ಹಿಡಿದುಕೊಳ್ಳಲಿ" ಅಂದರು ಕಾರ್ಯದರ್ಶಿ, "ಆಮೇಲೆ ಗಾಜಿನ ಮೇಲೆ ಅವರನ್ನು ಅಳಿಸಿದರಾಯಿತು." ಯಾಕುಮಿಸ್ ಹಿಡಿದ. ಗಾಳಿಗೆ ಅವನು ಮೊದಲು ಸೀನಿದ, ಎರಡನೆಯ ಸಲ ಕ್ಯಾಮೆರಾದ ಕಡೆ ನೋಡಿ ನಕ್ಕ. ಎರಡು ಗಾಜು ಹಾಳಾದವು. ಗಾಜಿಗೆ ಬಳಿದ ದ್ರಾವಣ ಒಣಗುವ ಮೊದಲೇ ಎಲ್ಲ ಮುಗಿಯಬೇಕು, ಬಿಸಿಲು ಆಗಲೇ ಕಂಬದ ಪಕ್ಕೆಯಿಂದ ಜಾರುತ್ತಿತ್ತು. ಅಪ್ಪನನ್ನು ಕರೆಯಬೇಕೆಂದು ಅನಾರ್ಗಿರೋಸನ ನಾಲಿಗೆಯ ತುದಿಗೆ ಬಂತು. ಬೇಡವೆಂದು ನಾಲ್ಕು ಜನರೆದುರು ಅಳೆಸಿದ ಮೇಲೆ ಬಾ ಎಂದು ಯಾವ ಮುಖ ಹೊತ್ತು ಕರೆಯಲಿ ಎಂದು ಅದನ್ನು ನುಂಗಿಕೊಂಡ. ಹಾಗೆ ನುಂಗಿಕೊಂಡು ಡೇರೆಯೊಳಗೆ ಮೂರನೆಯ ಗಾಜಿಗೆ ದ್ರಾವಣ ಬಳಿದು ಹೊರಗೆ ಬಂದಾಗ ಕಂಬದ ಬುಡದಲ್ಲಿ ಅಪ್ಪ ನಿಂತಿದ್ದ, ಕೋಲು ಹಿಡಿದು.

"ಸೀನೋರಿಗೆಲ್ಲ ಕೊಟ್ರೆ ಕೆಲಸ ಆಗುತ್ತೇನೋ? ಮುಚ್ಚಳ ತೆಗಿ."

"ಅಪ್ಪಾ, ನಿನ್ನನ್ನ ಆಮೇಲೆ..."

"ಅಳಿಸ್ತೀಯ. ಕೇಳಿಸ್ತು. ತಲೆ ಆಡುತ್ತೆ, ಕಿವಿ ನೆಟ್ಟಗಿದೆ. ತೆಗಿ."

ಅವನು ಮುಚ್ಚಳ ತೆಗೆದ. ಸ್ವಾಮಿ, ಕರುಣಿಸು. ಗಾಳಿ ಲಂಗದ ನೆರಿಗೆಗಳಲ್ಲಿ ನುಗ್ಗಿ ಹೊರಬಂತು. ಸ್ವಾಮಿ, ಕರುಣಿಸು. ಅಪ್ಪನ ತಲೆ ಆಡುತ್ತಿತ್ತು, ಅದನ್ನು ನಿಲ್ಲಿಸುವುದು ಅಪ್ಪನ ಕೈಯಲ್ಲಿಲ್ಲ. ಆದರೆ ಕುತ್ತಿಗೆಯಿಂದ ಕೆಳಗೆ ಅವನು ಮೊದಲ ದಿನದವನೇ. ಕೋಲು ಹಿಡಿದ ಮುಷ್ಟಿಯಲ್ಲಿ ಬಿಳಿಯಾದ ಗೆಣ್ಣುಗಳು ಇಲ್ಲಿಂದಲೇ ಕಾಣುತ್ತಿದ್ದವು. ಸ್ವಾಮಿ, ಕರುಣಿಸು ಎಂದು ಇವನು ಬೆಳಕಿಗೆ ಬೇಕಾದದ್ದಕ್ಕಿಂತ ಒಂದು ಸಲ ಹೆಚ್ಚಿಗೆ ಹೇಳಿದ. ಅದು ಬೆಳಕಿಗಾಗಿ ಹೇಳಿದ್ದಲ್ಲ ಎಂದು ಮುಚ್ಚುವಾಗ ಅವನಿಗೆ ತಿಳಿಯಿತು.

ಡೇರೆಯ ಹಳದಿ ಬೆಳಕಿನಲ್ಲಿ ಗಾಜಿನ ಮೇಲೆ ಮೊದಲು ಆಕಾಶ ಮೂಡಿತು, ಆಮೇಲೆ ಕಂಬ, ಕಂಬದ ಬಿರುಕು ಕೂದಲೆಳೆಯಷ್ಟು ಸ್ಪಷ್ಟವಾಗಿ. ಕೋಲಿನ ಪಟ್ಟೆಗಳು ಒಂದೊಂದೂ ಗೆರೆ ಕೊರೆದಂತೆ. ಕೋಲಿನ ಮೇಲೆ ಮುಷ್ಟಿ. ತೊಳೆದು, ತನ್ನ ಅಂಗಿಯ ಕರಿ ತೋಳಿನ ಎದುರು ಹಿಡಿದಾಗ ತಿರುಗುಮುರುಗಾಗಿದ್ದ ಬೆಳಕು ಕತ್ತಲೆ ಸರಿಯಾಗಿ ಕೂತು ಗಾಜಿನಲ್ಲಿ ಅಪ್ಪ ಎದ್ದು ನಿಂತ. ಟೋಪಿಯ ಕೆಳಗೆ ಮುಖವಿರಲಿಲ್ಲ, ಹೊಗೆಯಿತ್ತು. ಆದರೆ ತಲೆ ಅತ್ತಿತ್ತ ಆಡಿತ್ತೇ ಹೊರತು ಮೇಲೆ ಕೆಳಗೆ ಆಡಿರಲಿಲ್ಲ. ಟೋಪಿಯ ನೆತ್ತಿ ಒಂದೇ ಗೆರೆಯಾಗಿ ಬಂದಿತ್ತು. ಆ ಗೆರೆ ಕೋಲಿನ ಮೇಲೆ ಎಲ್ಲಿಗೆ ತಾಗುತ್ತದೆ ಎಂದು ನೋಡಿ, ನಂಬದೆ, ಇನ್ನೊಮ್ಮೆ ನೋಡಿದ. ಹಳೆಯ ಗುರುತು. ಇಪ್ಪತ್ತು ವರ್ಷದ ಹಿಂದೆ ಆ ಶಿಲ್ಪಿ ಅಳೆದುಕೊಂಡ ಜಾಗ, ಸರಿಯಾಗಿ ಅಲ್ಲಿ. ಆರು ಲಿಯಾಕೋಸ್. ಗಾಜನ್ನು ಕಣ್ಣಿನ ಹತ್ತಿರಕ್ಕೆ ತಂದ. ಬೆಳಿಗ್ಗೆ ಅಳೆದದ್ದು ತಪ್ಪೇ? ಮತ್ತೆ ಕಣ್ಣು ತಾನಾಗಿ ಕೆಳಗಿಳಿದು ಗೊಂಡೆಯ ಜೋಡುಗಳ ಮೇಲೆ ನಿಂತಿತು. ಹಿಮ್ಮಡಿಗಳ ಕೆಳಗೆ, ಜೋಡಿಗೂ ನೆಲಗಲ್ಲಿಗೂ ನಡುವೆ, ಬೆಳಕಿನ ಒಂದು ಸೀಳು ಇತ್ತು. ಎರಡು ಜೋಡಿನ ಕೆಳಗೂ. ನಾಲ್ಕು ಬೆರಳಿನಷ್ಟು.

ಎಪ್ಪತ್ತರ ಮುದುಕ, ಏಳುವಾಗ ಮಂಡಿ ಹಿಡಿಯುವವನು, ಅಷ್ಟು ಗಾಳಿಯಲ್ಲಿ ತುದಿಗಾಲಲ್ಲಿ ನಿಂತಿದ್ದ, ಒಂದು ನೆರಿಗೆ ಹೆಚ್ಚು ಅಲುಗದಂತೆ. ಒಂದು ಜಪ ಹೆಚ್ಚಿಗೆ ಹೇಳಿ ತಾನು ಅವನನ್ನು ಇನ್ನಷ್ಟು ನಿಲ್ಲಿಸಿದ್ದ. ಅನಾರ್ಗಿರೋಸನಿಗೆ ಅಳು ಬರಬೇಕಿತ್ತು. ಬಂದದ್ದು ಹೆಮ್ಮೆ, ಚಿಕ್ಕವನಿದ್ದಾಗ ಅಪ್ಪನ ಭುಜದ ಮೇಲೆ ಕೂತು ಹಬ್ಬದ ಮೆರವಣಿಗೆ ನೋಡುವಾಗ ಬರುತ್ತಿದ್ದಂಥದ್ದು, ಊರೆಲ್ಲ ತನಗಿಂತ ಕೆಳಗಿದೆ ಎನ್ನುವಂಥದ್ದು.

ಹೊರಗೆ ಕಾರ್ಯದರ್ಶಿ ಗಾಜನ್ನು ತಮ್ಮ ಕರಿ ಕೋಟಿನೆದುರು ಹಿಡಿದು ಪಟ್ಟೆ ಎಣಿಸಿದರು. ಹುಬ್ಬು ಗಂಟಿಕ್ಕಿದರು, ಮತ್ತೆ ಎಣಿಸಿದರು. "ಹಳೆಯ ಅಳತೆಯೇ ಬರುತ್ತಿದೆ" ಅಂದರು, ಪ್ರಾಮಾಣಿಕವಾಗಿ, ತಮಗೇ ನಷ್ಟವಾದವರ ದನಿಯಲ್ಲಿ. "ಬೆಳಿಗ್ಗೆ ನನ್ನದೇ ತಪ್ಪಾಯಿತೇ?"

"ತಪ್ಪೇನಿಲ್ಲ" ಎಂದ ಅಪ್ಪ. ಅವನು ಮತ್ತೆ ಕಂಬದ ತುಂಡಿನ ಮೇಲೆ ಕೂತಿದ್ದ, ಕಾಲು ಚಾಚಿ. "ಬೆಳಿಗ್ಗೆ ನೀವು ಅಳೆದದ್ದು ಸುಮ್ನೆ ನಿಂತ ಮುದುಕನ್ನ. ಇದು ಕೆಲಸಕ್ಕೆ ನಿಂತವನು."

"ಆದರೂ ಇವರನ್ನು ಅಳಿಸಬೇಕು" ಎಂದರು ಕಾರ್ಯದರ್ಶಿ ಮಗನ ಕಡೆ ತಿರುಗಿ. "ಸಂಘದ ನಿಯಮ. ಅಳತೆಗೆ ಮನುಷ್ಯರಿಲ್ಲ."

"ಅಳಿಸೋದಿಲ್ಲ" ಎಂದ ಅನಾರ್ಗಿರೋಸ್. ಬಾಯಿಂದ ಬಂದ ಮೇಲೆಯೇ ಅದು ತನ್ನ ಮಾತೆಂದು ಗೊತ್ತಾಯಿತು. "ಅಳತೆಗೆ ನಿಮ್ಮ ಕೋಲಿದೆ. ಅಪ್ಪ ಅಳತೆಗೆ ನಿಂತಿಲ್ಲ."

"ಮತ್ತೆ?"

"ಕೋಲು ನಿಲ್ಲಿಸೋದಕ್ಕೆ. ಅದು ತಾನಾಗಿ ನಿಲ್ಲಲಿಲ್ಲವಲ್ಲ, ನೀವೇ ನೋಡಿದಿರಿ. ಬೇಡ ಅಂದರೆ ಚಿತ್ರವೂ ಬೇಡ. ಇನ್ನೊಬ್ಬರಿಂದ ತೆಗೆಸಿ."

ಕಾರ್ಯದರ್ಶಿ ಅವನನ್ನು ನೋಡಿದರು, ಬಿರುಕನ್ನು ನೋಡಿದರು. ಅಂಥ ಬಿರುಕು ಇನ್ನೊಬ್ಬರ ಗಾಜಿನಲ್ಲಿ ಮೂಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು. "ಸಭೆಯ ಮುಂದೆ ಇಡುತ್ತೇನೆ, ಏನಂತಾರೋ ಹೇಳಲಾರೆ" ಎಂದು ಟೋಪಿ ತೆಗೆದರು. ತೆಗೆದದ್ದು ಮಗನಿಗಲ್ಲ, ಅಪ್ಪನಿಗೆ. ಅಪ್ಪನ ತಲೆ ಅತ್ತಿತ್ತ ಆಡಿ ಅದನ್ನು ಸ್ವೀಕರಿಸಿತು. ಕೈಯಿಂದ ಜಾರಿಹೋಗಬಹುದಾದ ಕೆಲಸವನ್ನು ನೆನೆದು ತನಗೆ ಭಯವಾಗಬೇಕಲ್ಲ ಎಂದು ಇಳಿಯುವ ದಾರಿಯುದ್ದಕ್ಕೂ ಅನಾರ್ಗಿರೋಸ್ ಹುಡುಕಿಕೊಂಡ. ಸಿಕ್ಕಲಿಲ್ಲ. ಅಪ್ಪನನ್ನು ಕತ್ತೆಯ ಮೇಲೆ ಕೂರಿಸಿ ಈಥರಿನ ಸೀಸೆಗಳನ್ನು ತಾನು ಹೊತ್ತಿದ್ದ.

ಸಂಜೆ ಅಂಗಳದಲ್ಲಿ ಅಸಿಮೀನಾ ಮಾವನ ಮೀನಖಂಡಗಳಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. "ಏನು ಮಾವ, ಕಾಲು ಕಟ್ಟಿಗೆ ಆಗಿದೆ. ದಿನಾ ಹತ್ತೋ ಗುಡ್ಡ ತಾನೇ?"

"ಕಲ್ಲು ಬೆಳೆದಿದೆಯಮ್ಮ" ಅಂದ ಅಪ್ಪ. "ಹತ್ತೋದು ಕಷ್ಟ."

ಅವಳು ಗಂಡನ ಕಡೆ ನೋಡಿದಳು. ಅವನು ಕಿಟಕಿಯ ಒಳಗೆ, ಇಳಿಬಿಸಿಲಿಗೆ ಗಾಜನ್ನು ಓರೆಯಾಗಿ ನಿಲ್ಲಿಸಿಕೊಂಡು, ತಿದ್ದುವ ಸೂಜಿ ಹಿಡಿದು ಕೂತಿದ್ದ. ಗಾಜಿನಲ್ಲಿ ಬೆಳಕೆಲ್ಲ ಕಪ್ಪು, ಕಪ್ಪನ್ನು ಕೆರೆದಲ್ಲಿ ಕಾಗದದ ಮೇಲೆ ನೆರಳು ಬೀಳುತ್ತದೆ. ಇಪ್ಪತ್ತು ವರ್ಷದಲ್ಲಿ ಅವನು ಈ ಸೂಜಿಯಿಂದ ಬಹಳಷ್ಟು ಕೆರೆದಿದ್ದಾನೆ, ಬಹಳಷ್ಟನ್ನು ಇಲ್ಲವಾಗಿಸಿದ್ದಾನೆ. ಇವತ್ತು ಮುಖದ ಹೊಗೆಯನ್ನು ಮುಟ್ಟಲಿಲ್ಲ. ಕಂಬ, ಬಿರುಕು, ಕೋಲು, ಮುಷ್ಟಿ ಯಾವುದನ್ನೂ ಮುಟ್ಟಲಿಲ್ಲ. ಹೊರಗೆ ಅಪ್ಪ ಅಸಿಮೀನಾಗೆ ಒಂದು ಕಂಬ ಅಂದರೆ ಎಷ್ಟು ಲಿಯಾಕೋಸ್ ಎಂದು ಬೆರಳು ಮಡಿಸಿ ಹೇಳುತ್ತಿದ್ದ. ಅನಾರ್ಗಿರೋಸ್ ಉಸಿರು ಬಿಗಿಹಿಡಿದು, ಜೋಡುಗಳ ಕೆಳಗಿನ ಆ ಬೆಳಕಿನ ಸೀಳಿನ ಮೇಲೆ ಸೂಜಿಯ ಮೊನೆಯಿಟ್ಟು ಒಂದೊಂದೇ ಎಳೆಯಾಗಿ ಕೆರೆದ. ಸೀಳು ಮುಚ್ಚಿತು. ಅಪ್ಪನ ಹಿಮ್ಮಡಿ ನೆಲ ಮುಟ್ಟಿತು.